ಯೋನಿಯ ಕ್ಯಾನ್ಸರ್

ಗರ್ಭಕಂಠದಿಂದ ಹೊರದ್ವಾರದವರೆಗಿನ ಯೋನಿನಾಳದ ಗೋಡೆಯಲ್ಲಿ ಹುಟ್ಟುವ ಕ್ಯಾನ್ಸರ್. ಸ್ತ್ರೀ ಜನನಾಂಗಗಳ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡು ಮಾತ್ರ. ಹೆಚ್ಚಾಗಿ ಅರವತ್ತು ದಾಟಿದವರಲ್ಲಿ, ಮುಟ್ಟು ನಿಂತು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಮೊದಲ ಸೂಚನೆ ಬಹುಪಾಲು ನೋವಿಲ್ಲದ ರಕ್ತಸ್ರಾವ. ಮುಖ್ಯ ಚಿಕಿತ್ಸೆ ವಿಕಿರಣ. ಬೇಗ ಪತ್ತೆಯಾದರೆ ಗುಣವಾಗುವ ರೋಗ. ತೀರ ವಿರಳವಾದ್ದರಿಂದ ಇದೊಂದನ್ನೇ ಗುರಿಯಾಗಿಟ್ಟುಕೊಂಡ ದೊಡ್ಡ ಪ್ರಯೋಗಗಳು ನಡೆದಿಲ್ಲ. ಲಸಿಕೆ, ತಪಾಸಣೆ, ಔಷಧದ ಪ್ರಮಾಣ, ಎಲ್ಲವೂ ನೆರೆಯ ಅಂಗವಾದ ಗರ್ಭಕಂಠದ ಕ್ಯಾನ್ಸರಿನಿಂದ ಕಲಿತದ್ದು. ಈ ನೆರೆತನದಿಂದ ರೋಗಿಗೆ ಲಾಭವಿದೆ. ತೊಂದರೆಯೂ ಇದೆ: ಗರ್ಭಕೋಶ ತೆಗೆಸಿಕೊಂಡವರು ಇನ್ನು ಆ ಕಡೆಯ ಕಾಯಿಲೆ ತಮಗಿಲ್ಲ ಎಂದುಕೊಂಡು ತಪಾಸಣೆಯಿಂದಲೇ ದೂರ ಉಳಿಯುತ್ತಾರೆ.

ಅಂಗರಚನೆ

ಯೋನಿ ಸುಮಾರು 7ರಿಂದ 10 ಸೆಂ.ಮೀ. ಉದ್ದದ, ಸ್ನಾಯುಗಳಿಂದಾದ ನಾಳ. ಮುಂಗೋಡೆಗೆ ಮೂತ್ರಕೋಶ ಮತ್ತು ಮೂತ್ರನಾಳ, ಹಿಂಗೋಡೆಗೆ ಗುದನಾಳ ಒತ್ತಿಕೊಂಡಿವೆ. ನಡುವಿನ ಅಂಗಾಂಶದ ದಪ್ಪ ಕೆಲವೇ ಮಿಲಿಮೀಟರ್. ಆದ್ದರಿಂದ ಗಡ್ಡೆ ಸ್ವಲ್ಪ ಆಳಕ್ಕಿಳಿದರೂ ಮೂತ್ರ ಮತ್ತು ಮಲವಿಸರ್ಜನೆಯ ತೊಂದರೆಗಳು ಶುರುವಾಗುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಸುತ್ತ ಒಂದಿಷ್ಟು ಆರೋಗ್ಯಕರ ಅಂಗಾಂಶ ಸೇರಿಸಿ ಗಡ್ಡೆ ಕತ್ತರಿಸಲು ಸ್ಥಳ ಸಾಲದು ಎಂಬುದಕ್ಕೂ ಇದೇ ಕಾರಣ.

ಯೋನಿಯ ಒಳಮೈಯನ್ನು ಚಪ್ಪಟೆ ಜೀವಕೋಶಗಳ ಹಲವು ಪದರಗಳು ಹೊದ್ದಿರುತ್ತವೆ. ಈ ಹೊದಿಕೆಯೇ ಮೇಲಕ್ಕೆ ಗರ್ಭಕಂಠದ ಹೊರಮೈವರೆಗೆ ಹಬ್ಬಿದೆ. ಎರಡೂ ಅಂಗಗಳನ್ನು ಒಂದೇ ವೈರಸ್ ಕಾಡುವುದು ಇದರಿಂದಲೇ. ದುಗ್ಧರಸ ಹರಿಯುವ ದಾರಿ ಮಾತ್ರ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬೇರೆ. ಮೇಲಿನ ಭಾಗದ್ದು ಕಿಬ್ಬೊಟ್ಟೆಯ ಒಳಗಿನ ಗ್ರಂಥಿಗಳಿಗೆ, ಕೆಳಗಿನ ಮೂರನೇ ಒಂದು ಭಾಗದ್ದು ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತದೆ. ಗಡ್ಡೆ ಎಲ್ಲಿದೆ ಎಂಬುದರ ಮೇಲೆ ಯಾವ ಗ್ರಂಥಿಗಳಿಗೆ ಚಿಕಿತ್ಸೆ ಕೊಡಬೇಕು ಎನ್ನುವುದು ತೀರ್ಮಾನವಾಗುತ್ತದೆ.

ವ್ಯಾಪ್ತಿ ಮತ್ತು ದಾಖಲೆ

2020ರ ಜಾಗತಿಕ ಅಂದಾಜಿನ ಪ್ರಕಾರ ಆ ವರ್ಷ ಪ್ರಪಂಚದಲ್ಲಿ ಸುಮಾರು 18 ಸಾವಿರ ಮಹಿಳೆಯರಲ್ಲಿ ಯೋನಿಯ ಕ್ಯಾನ್ಸರ್ ಹೊಸದಾಗಿ ಕಂಡುಬಂತು. ಅದೇ ವರ್ಷ ಗರ್ಭಕಂಠದ ಕ್ಯಾನ್ಸರಿಗೆ ತುತ್ತಾದವರು ಸುಮಾರು 6 ಲಕ್ಷ. ಅವರಲ್ಲಿ ಐದನೇ ಒಂದು ಭಾಗ ಭಾರತದವರು.

ಭಾರತದ ಕ್ಯಾನ್ಸರ್ ಲೆಕ್ಕಕ್ಕೂ ಬೆಂಗಳೂರಿಗೂ ಹಳೆಯ ನಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ ಮುಂಬಯಿ, ಚೆನ್ನೈಗಳ ಜೊತೆ ಬೆಂಗಳೂರನ್ನೂ ಆರಿಸಿಕೊಂಡಿತು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ನಗರದ ರೋಗಿಗಳ ದಾಖಲೆ ಇಡುತ್ತ ಬಂದಿದೆ. ದೇಶದ ನೋಂದಣಿ ಕೇಂದ್ರಗಳ ಅಂಕಿಅಂಶವನ್ನು ಒಟ್ಟುಗೂಡಿಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ಇರುವುದು ಯಲಹಂಕ ದಾಟಿ ವಿಮಾನ ನಿಲ್ದಾಣದತ್ತ ಹೋಗುವಾಗ ಸಿಗುವ ಕನ್ನಮಂಗಲ ಅಂಚೆಯ ಪೂಜನಹಳ್ಳಿಯಲ್ಲಿ. ನೋಂದಣಿಯಲ್ಲಿ ಗರ್ಭಕಂಠಕ್ಕೆ ಸಿ53, ಯೋನಿಗೆ ಸಿ52, ಹೊರ ಜನನಾಂಗಕ್ಕೆ ಸಿ51 ಎಂಬ ಅಂತರರಾಷ್ಟ್ರೀಯ ಸಂಕೇತಗಳಿವೆ. 1980ರ ದಶಕದಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಮೊದಲ ಸ್ಥಾನವಿತ್ತು. ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿದು ಈಗ ಸ್ತನದ ಕ್ಯಾನ್ಸರ್ ಮೊದಲಾಗಿದೆ. ಸಿ52ರ ಸಾಲು ಅಂದೂ ಇಂದೂ ಸಣ್ಣದು.

ಈ ಸಾಲು ಸಣ್ಣದಾಗಿ ಕಾಣಲು ವರ್ಗೀಕರಣದ ನಿಯಮವೂ ಒಂದು ಕಾರಣ. ಗಡ್ಡೆ ಗರ್ಭಕಂಠದ ಬಾಯಿಯನ್ನು ಮುಟ್ಟಿದ್ದರೆ ಅದನ್ನು ಗರ್ಭಕಂಠದ ಕ್ಯಾನ್ಸರ್ ಎಂದೇ ಬರೆಯಬೇಕು. ಹೊರ ಜನನಾಂಗವನ್ನು ಮುಟ್ಟಿದ್ದರೆ ಅದರ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ಐದು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆಗಿದ್ದವರ ಯೋನಿಯಲ್ಲಿ ಗಡ್ಡೆ ಕಂಡರೆ ಹಳೆಯ ರೋಗ ಮರುಕಳಿಸಿದೆ ಎಂದೇ ಸಾಮಾನ್ಯವಾಗಿ ಗಣಿಸುತ್ತಾರೆ. ಇಷ್ಟೆಲ್ಲ ಬಿಟ್ಟು ಉಳಿದದ್ದು ಮಾತ್ರ ಯೋನಿಯಲ್ಲೇ ಹುಟ್ಟಿದ ಕ್ಯಾನ್ಸರ್. ಯೋನಿಯಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಗರ್ಭಕಂಠ, ಗರ್ಭಕೋಶ, ಅಂಡಾಶಯ, ಮೂತ್ರಕೋಶ ಅಥವಾ ಗುದನಾಳದಿಂದ ಹಬ್ಬಿದವು.

ಬಗೆಗಳು

ಹತ್ತರಲ್ಲಿ ಎಂಟೊಂಬತ್ತು ಚಪ್ಪಟೆ ಜೀವಕೋಶಗಳ ಕ್ಯಾನ್ಸರ್, ಅಂದರೆ ಸ್ಕ್ವಾಮಸ್ ಕಾರ್ಸಿನೋಮಾ. ಇದು ಸಾಮಾನ್ಯವಾಗಿ ಯೋನಿಯ ಮೇಲಿನ ಮೂರನೇ ಒಂದು ಭಾಗದಲ್ಲಿ, ಹೆಚ್ಚಾಗಿ ಹಿಂಗೋಡೆಯಲ್ಲಿ, ನಿಧಾನವಾಗಿ ಬೆಳೆಯುತ್ತದೆ. ಗ್ರಂಥಿ ಜೀವಕೋಶಗಳಿಂದ ಹುಟ್ಟುವ ಅಡಿನೋಕಾರ್ಸಿನೋಮಾ ಎರಡನೆಯದು. ಇದು ಕಂಡಾಗ ಬೇರೆ ಅಂಗದಿಂದ ಬಂದದ್ದಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ವರ್ಣದ್ರವ್ಯದ ಜೀವಕೋಶಗಳಿಂದ ಬರುವ ಮೆಲನೋಮಾ ಬಲು ವಿರಳ. ಮುಂಗೋಡೆಯ ಕೆಳಭಾಗದಲ್ಲಿ ಕಪ್ಪು ಅಥವಾ ನೀಲಿ ಛಾಯೆಯ ಗಂಟಾಗಿ ಕಾಣುತ್ತದೆ; ಬೇಗ ಹರಡುತ್ತದೆ. ಸ್ನಾಯು ಮತ್ತು ಸಂಯೋಜಕ ಅಂಗಾಂಶದಿಂದ ಸಾರ್ಕೋಮಾಗಳು ಹುಟ್ಟುತ್ತವೆ.

ಸಾರ್ಕೋಮಾದ ಒಂದು ಬಗೆ ಐದು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ, ದ್ರಾಕ್ಷಿಗೊಂಚಲಿನಂಥ ಮೆದುವಾದ ಗಡ್ಡೆಯಾಗಿ ಯೋನಿಯಿಂದ ಹೊರಗೆ ಇಣುಕುತ್ತದೆ. ಒಂದು ಕಾಲಕ್ಕೆ ಕಿಬ್ಬೊಟ್ಟೆಯ ಅಂಗಗಳನ್ನೆಲ್ಲ ತೆಗೆಯುವುದೇ ಇದಕ್ಕಿದ್ದ ಮದ್ದು. ವಿನ್‌ಕ್ರಿಸ್ಟಿನ್, ಆಕ್ಟಿನೋಮೈಸಿನ್, ಸೈಕ್ಲೋಫಾಸ್ಫಮೈಡ್ ಔಷಧಗಳು ಬಂದ ಮೇಲೆ ಅಂಗ ಉಳಿಸಿಕೊಂಡೇ ಬಹಳಷ್ಟು ಮಕ್ಕಳು ಗುಣವಾಗುತ್ತಿದ್ದಾರೆ. ಪುಟ್ಟ ಮಗುವಿನ ಚಡ್ಡಿಯಲ್ಲಿ ರಕ್ತದ ಕಲೆ ಕಂಡರೆ ಗಾಯವೆಂದು ಸುಮ್ಮನಾಗದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಕಾರಣಗಳು

ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಮುಖ್ಯ ಕಾರಣ. ಯೋನಿಯ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಿ ಈ ವೈರಸ್, ಅದರಲ್ಲೂ 16ನೇ ಬಗೆ, ಸಿಗುತ್ತದೆ. ಎಚ್‌ಪಿವಿಗೂ ಗರ್ಭಕಂಠದ ಕ್ಯಾನ್ಸರಿಗೂ ಇರುವ ಸಂಬಂಧ ತೋರಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹತ್ತಾರು ವರ್ಷಗಳಲ್ಲಿ ಜೀವಕೋಶಗಳನ್ನು ಕೆಡಿಸುತ್ತದೆ. ಆದ್ದರಿಂದ ಅರವತ್ತೈದರಲ್ಲಿ ಬಂದ ಕ್ಯಾನ್ಸರಿಗೆ ಹೆಂಗಸಿನ ನಡತೆಯನ್ನಾಗಲಿ ಗಂಡನ ನಡತೆಯನ್ನಾಗಲಿ ಶಂಕಿಸುವುದಕ್ಕೆ ಆಧಾರವಿಲ್ಲ. ಮದುವೆಯಾದ ಹೊಸದರಲ್ಲಿ ತಗುಲಿದ ಸೋಂಕೂ ಅದಕ್ಕೆ ಸಾಕು.

ಅಪಾಯ ಹೆಚ್ಚಿಸುವ ಇತರ ಸಂಗತಿಗಳು: ಹಿಂದೆ ಗರ್ಭಕಂಠದಲ್ಲಿ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಇದ್ದದ್ದು, ಕಿಬ್ಬೊಟ್ಟೆಗೆ ವಿಕಿರಣ ಪಡೆದಿದ್ದು, ಧೂಮಪಾನ, ಎಚ್‌ಐವಿಯಿಂದ ಕುಂದಿದ ರೋಗನಿರೋಧಕ ಶಕ್ತಿ. ಗರ್ಭಕೋಶ ಜಾರಿದವರು ಒಳಗೆ ಇಟ್ಟುಕೊಳ್ಳುವ ಪೆಸರಿ ಬಳೆಯನ್ನು ವರ್ಷಗಟ್ಟಲೆ ತೆಗೆದು ತೊಳೆಯದೆ ಬಿಟ್ಟರೆ ಆಗುವ ಉಜ್ಜುಗಾಯವೂ ಈ ಪಟ್ಟಿಯಲ್ಲಿದೆ.

ಗರ್ಭಕೋಶ ತೆಗೆಸಿಕೊಂಡ ಹಿನ್ನೆಲೆ ಕರ್ನಾಟಕದಲ್ಲಿ ಬಿಡಿಸಿ ಹೇಳಬೇಕಾದ ವಿಷಯ. ಬಿಳಿ ಸೆರಗು, ಅತಿಸ್ರಾವ, ಕೆಳಹೊಟ್ಟೆ ನೋವು ಎಂದು ಆಸ್ಪತ್ರೆಗೆ ಹೋದ ಹೆಂಗಸರ ಗರ್ಭಕೋಶವನ್ನು ಮೂವತ್ತು ನಲವತ್ತರ ವಯಸ್ಸಿನಲ್ಲೇ ತೆಗೆದುಬಿಡುವ ವಾಡಿಕೆ ರಾಜ್ಯದ ಹಲವೆಡೆ ಇದೆ. ಕಲಬುರಗಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಹೆಂಗಸರೇ ಬೀದಿಗಿಳಿದದ್ದುಂಟು. ಗರ್ಭಕೋಶ ತೆಗೆದದ್ದರಿಂದಲೇ ಯೋನಿಯ ಕ್ಯಾನ್ಸರ್ ಬರುವುದಿಲ್ಲ. ಆದರೆ ತೆಗೆದದ್ದು ಗರ್ಭಕಂಠದ ಪೂರ್ವಕ್ಯಾನ್ಸರಿಗಾಗಿ ಆಗಿದ್ದರೆ, ಅದೇ ವೈರಸ್ ಯೋನಿಯ ತುದಿಯಲ್ಲಿ, ಹೊಲಿಗೆ ಹಾಕಿದ ಜಾಗದ ಅಕ್ಕಪಕ್ಕದಲ್ಲಿ, ಉಳಿದಿರಬಹುದು. ಅಂಥವರು ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು. ಗಂತಿಯಂಥ ಸಾಧಾರಣ ಕಾರಣಕ್ಕೆ ಗರ್ಭಕಂಠ ಸಮೇತ ತೆಗೆಸಿಕೊಂಡವರಿಗೆ ಇದರ ಅಗತ್ಯವಿಲ್ಲ. ತಾವು ಯಾವ ಗುಂಪಿನವರು ಎಂದು ಗೊತ್ತಾಗುವುದು ತೆಗೆದ ಗರ್ಭಕೋಶದ ಪೆಥಾಲಜಿ ವರದಿಯಿಂದ. ಹಾಗಾಗಿ ಡಿಸ್ಚಾರ್ಜ್ ಚೀಟಿಯ ಜೊತೆ ಆ ವರದಿಯನ್ನೂ ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಔಷಧವೊಂದು ಮುಂದಿನ ತಲೆಮಾರಿಗೆ ಕ್ಯಾನ್ಸರ್ ತಂದದ್ದು ಈ ರೋಗದ ಚರಿತ್ರೆಯ ಪ್ರಸಿದ್ಧ ಅಧ್ಯಾಯ. 1938ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಅನ್ನು ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರಿಗೆ ಕೊಟ್ಟರು. ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರು 1971ರಲ್ಲಿ ಯೋನಿಯ ಅಡಿನೋಕಾರ್ಸಿನೋಮಾ ಬಂದ ಎಂಟು ಎಳೆ ಹರೆಯದ ಹೆಣ್ಣುಮಕ್ಕಳ ವಿವರ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಈ ಮಾತ್ರೆ ನುಂಗಿದ್ದರು. ಅದೇ ವರ್ಷ ಅಮೆರಿಕದ ಔಷಧ ಆಡಳಿತ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂದು ಎಚ್ಚರಿಸಿತು. ಮಾತ್ರೆಯ ಪ್ರಭಾವಕ್ಕೆ ಒಳಗಾದ ಸಾವಿರ ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬರಿಗೆ ಈ ಕ್ಯಾನ್ಸರ್ ಬಂದೀತೆಂದು ಅಂದಾಜು.

ಲಕ್ಷಣಗಳು

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ. ಸಂಭೋಗದ ನಂತರದ ರಕ್ತ, ನೀರಿನಂಥ ಅಥವಾ ದುರ್ನಾತದ ಸ್ರಾವ, ಬೆರಳಿಗೆ ಸಿಗುವ ಗಂಟು ಉಳಿದವು. ರೋಗ ಮುಂಗೋಡೆಗೆ ಇಳಿದರೆ ಉರಿಮೂತ್ರ, ಪದೇ ಪದೇ ಮೂತ್ರ. ಹಿಂಗೋಡೆಗೆ ಇಳಿದರೆ ಮಲಬದ್ಧತೆ, ಮಲದಲ್ಲಿ ರಕ್ತ. ಸೊಂಟ ಮತ್ತು ಕಾಲಿನ ನೋವು, ಕಾಲು ಊತ ಬಂದವರಲ್ಲಿ ರೋಗ ಬಹುಶಃ ಕಿಬ್ಬೊಟ್ಟೆಯ ಗೋಡೆ ತಲುಪಿರುತ್ತದೆ. ಕೆಲವರಲ್ಲಿ ಯಾವ ಲಕ್ಷಣವೂ ಇರದೆ, ಬೇರೆ ಕಾರಣಕ್ಕೆ ಮಾಡಿದ ಪರೀಕ್ಷೆಯಲ್ಲಿ ರೋಗ ಸಿಗುವುದುಂಟು.

ವಯಸ್ಸಾದ ಹೆಂಗಸರು ಬಟ್ಟೆಯಲ್ಲಿ ಕಂಡ ಕಲೆಯನ್ನು ಶರೀರದ ಉಷ್ಣ ಎಂದು ತಳ್ಳಿಹಾಕುತ್ತಾರೆ. ಮಗನ ಎದುರು ಹೇಳಲು ಸಂಕೋಚ, ಸೊಸೆಗೆ ಹೇಳಲು ಇನ್ನೂ ಸಂಕೋಚ. ಮುಟ್ಟು ನಿಂತವರ ರಕ್ತಸ್ರಾವಕ್ಕೆ ಒಣಗಿ ತೆಳುವಾದ ಯೋನಿಯ ಪೊರೆಯಂಥ ನಿರಪಾಯದ ಕಾರಣಗಳೇ ಹೆಚ್ಚು ಎಂಬುದು ನಿಜ. ಯಾವುದು ನಿರಪಾಯ ಎಂದು ನಿರ್ಧರಿಸಲು ಮಾತ್ರ ಒಳಗೆ ನೋಡಲೇಬೇಕು. ಗರ್ಭಕೋಶ ಇಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ.

ಪತ್ತೆ

ಪರೀಕ್ಷೆ ಆರಂಭವಾಗುವುದು ಸ್ಪೆಕ್ಯುಲಂನಿಂದ. ಎರಡು ಅಲಗುಗಳ ಈ ಉಪಕರಣವನ್ನು ಒಳಗಿಟ್ಟು ಅಗಲಿಸಿದಾಗ ಗರ್ಭಕಂಠ ಮತ್ತು ಪಕ್ಕದ ಗೋಡೆಗಳು ಚೆನ್ನಾಗಿ ಕಾಣುತ್ತವೆ. ಮುಂಗೋಡೆ ಮತ್ತು ಹಿಂಗೋಡೆ ಅಲಗುಗಳ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಗರ್ಭಕಂಠವನ್ನಷ್ಟೇ ನೋಡಿ ಉಪಕರಣ ಎಳೆದುಬಿಟ್ಟರೆ ಹಿಂಗೋಡೆಯ ಸಣ್ಣ ಗಡ್ಡೆ ತಪ್ಪಿಸಿಕೊಳ್ಳುವುದು ಹೀಗೆ. ಆದ್ದರಿಂದ ನುರಿತವರು ಸ್ಪೆಕ್ಯುಲಂ ಹೊರತೆಗೆಯುವಾಗ ನಿಧಾನವಾಗಿ ತಿರುಗಿಸುತ್ತ, ಸುತ್ತಲಿನ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತ ಬರುತ್ತಾರೆ. ಆಮೇಲೆ ಬೆರಳಿಟ್ಟು ಗೋಡೆಯ ಗಡಸುತನ, ಗುದದ್ವಾರದಿಂದ ಹಿಂಗೋಡೆಯ ದಪ್ಪ, ತೊಡೆಸಂದಿನ ಗ್ರಂಥಿಗಳನ್ನು ಪರೀಕ್ಷಿಸುತ್ತಾರೆ.

ಅನುಮಾನ ಬಂದ ಜಾಗಕ್ಕೆ ದುರ್ಬಲ ಅಸಿಟಿಕ್ ಆಮ್ಲ ಹಚ್ಚಿದರೆ ಕೆಟ್ಟ ಜೀವಕೋಶಗಳ ಮೈ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದರೆ ಆರೋಗ್ಯಕರ ಪೊರೆ ಕಂದುಬಣ್ಣಕ್ಕೆ ತಿರುಗುತ್ತದೆ, ಕೆಟ್ಟದ್ದು ಬಣ್ಣ ಹಿಡಿಯದೆ ಹಳದಿಯಾಗಿ ಉಳಿಯುತ್ತದೆ. ಕಾಲ್ಪೊಸ್ಕೋಪಿನಲ್ಲಿ ಹಿಗ್ಗಿಸಿ ನೋಡಿ ಆ ಜಾಗದಿಂದ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಜನರಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ಬಯಾಪ್ಸಿ ವರದಿಯಿಲ್ಲದೆ ಯಾವ ಒಳ್ಳೆಯ ಆಸ್ಪತ್ರೆಯೂ ಚಿಕಿತ್ಸೆ ಶುರುಮಾಡುವುದಿಲ್ಲ.

ರೋಗ ಖಚಿತವಾದ ಮೇಲೆ ಅದರ ಆಳ ತಿಳಿಯಲು ಎಂಆರ್‌ಐ, ದೂರಕ್ಕೆ ಹರಡಿದೆಯೇ ಎಂದು ತಿಳಿಯಲು ಸಿಟಿ ಅಥವಾ ಪೆಟ್ ಸ್ಕ್ಯಾನ್ ಬೇಕಾಗುತ್ತದೆ. ಮೂತ್ರಕೋಶ, ಗುದನಾಳಗಳ ಒಳಮೈಯನ್ನು ಅಗತ್ಯವಿದ್ದರೆ ದೂರ್ಬೀನಿನಿಂದ ನೋಡುತ್ತಾರೆ.

ಹಂತಗಳು

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟ (ಫಿಗೊ) ನಾಲ್ಕು ಹಂತಗಳನ್ನು ಗುರುತಿಸಿದೆ. ಗಡ್ಡೆ ಯೋನಿಯ ಗೋಡೆಯೊಳಗೇ ಇದ್ದರೆ ಮೊದಲನೆಯದು. ಗೋಡೆ ದಾಟಿ ಅಕ್ಕಪಕ್ಕದ ಅಂಗಾಂಶಕ್ಕೆ ಇಳಿದಿದ್ದರೆ ಎರಡನೆಯದು. ಕಿಬ್ಬೊಟ್ಟೆಯ ಎಲುಬುಗೋಡೆ ಮುಟ್ಟಿದ್ದರೆ ಮೂರನೆಯದು. ಮೂತ್ರಕೋಶ ಅಥವಾ ಗುದನಾಳದ ಒಳಪೊರೆಗೆ ತಲುಪಿದ್ದರೆ ಅಥವಾ ದೂರದ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯದು. ಪೊರೆಯ ಮೇಲ್ಪದರದಲ್ಲೇ ಉಳಿದು ಇನ್ನೂ ಕ್ಯಾನ್ಸರ್ ಆಗದ ಬದಲಾವಣೆಗೆ ವೇನ್ ಎಂಬ ಸಂಕ್ಷಿಪ್ತ ಹೆಸರಿದೆ.

ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರ ವಿಕಿರಣ ಚಿಕಿತ್ಸೆ ಪಡೆದ 193 ಮಹಿಳೆಯರ ವಿವರವನ್ನು 2005ರಲ್ಲಿ ಪ್ರಕಟಿಸಿತು. ಐದು ವರ್ಷಗಳ ನಂತರ ಈ ರೋಗದಿಂದ ಸಾಯದೆ ಉಳಿದವರು ಮೊದಲ ಹಂತದಲ್ಲಿ ನೂರಕ್ಕೆ 85, ಎರಡನೆಯದರಲ್ಲಿ 78, ಮೂರು ಮತ್ತು ನಾಲ್ಕನೆಯ ಹಂತದ ಆರಂಭದಲ್ಲಿದ್ದವರಲ್ಲಿ 58. ದೂರದ ಅಂಗಗಳಿಗೆ ಹರಡಿದ ರೋಗದಲ್ಲಿ ಬದುಕುಳಿಯುವವರು ಇದಕ್ಕಿಂತ ಬಹಳ ಕಡಿಮೆ.

ಚಿಕಿತ್ಸೆ

ಪೂರ್ವಕ್ಯಾನ್ಸರ್: ವೇನ್ ಕಂಡವರಿಗೆ ಆ ಜಾಗವನ್ನು ಕತ್ತರಿಸಿ ತೆಗೆಯುವುದು, ಲೇಸರಿನಿಂದ ಸುಡುವುದು, ಇಮಿಕ್ವಿಮಾಡ್ ಅಥವಾ 5-ಫ್ಲೋರೋಯುರಾಸಿಲ್ ಮುಲಾಮು ಹಚ್ಚುವುದು ಎಂಬ ದಾರಿಗಳಿವೆ. ಮರಳಿ ಬರುವ ಸಾಧ್ಯತೆ ಇರುವುದರಿಂದ ತಪಾಸಣೆ ಬಿಡಬಾರದು.

ಶಸ್ತ್ರಚಿಕಿತ್ಸೆ: ಮೇಲ್ಭಾಗದ ಸಣ್ಣ ಗಡ್ಡೆಗೆ ಇದು ಒಪ್ಪುತ್ತದೆ. ಗರ್ಭಕೋಶ, ಯೋನಿಯ ಮೇಲ್ಭಾಗ ಮತ್ತು ಕಿಬ್ಬೊಟ್ಟೆಯ ಗ್ರಂಥಿಗಳನ್ನು ಒಟ್ಟಿಗೆ ತೆಗೆಯುತ್ತಾರೆ. ವಿಕಿರಣದ ನಂತರ ಅದೇ ಜಾಗದಲ್ಲಿ ಮತ್ತೆ ರೋಗ ಬಂದವರಿಗೆ, ಅದು ಬೇರೆಲ್ಲೂ ಹರಡಿಲ್ಲದಿದ್ದರೆ, ಮೂತ್ರಕೋಶ ಅಥವಾ ಗುದನಾಳ ಸಮೇತ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯೊಂದೇ ಗುಣದ ದಾರಿಯಾಗಿ ಉಳಿಯಬಹುದು. ಆಗ ಹೊಟ್ಟೆಯ ಮೇಲೆ ಮಲಮೂತ್ರದ ಚೀಲ ಬೇಕಾಗುತ್ತದೆ.

ಹೊರ ವಿಕಿರಣ: ಹೆಚ್ಚಿನ ರೋಗಿಗಳಿಗೆ ಇದೇ ಮುಖ್ಯ ಚಿಕಿತ್ಸೆ. ಕರ್ನಾಟಕದ ಆಸ್ಪತ್ರೆಗಳ ಪಡಸಾಲೆಯಲ್ಲಿ ಇದಕ್ಕೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ, ಶಾಕ್ ಹೊಡೆಯುವುದಿಲ್ಲ, ನೋವೂ ಇಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲದಂತೆ ಐದಾರು ವಾರ, ಒಟ್ಟು 25ರಿಂದ 28 ಸಲ, 45ರಿಂದ 50 ಗ್ರೇಯಷ್ಟು ವಿಕಿರಣ ಕೊಡುತ್ತಾರೆ. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ವಿಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕಾಗಿ ಪ್ರತಿದಿನವೂ ನಿಗದಿತ ಪ್ರಮಾಣದ ನೀರು ಕುಡಿಸಿ ಕಾಯಿಸುತ್ತಾರೆ. ಯಂತ್ರದ ಕೋಣೆಯ ಹೊರಗೆ ನೀರಿನ ಬಾಟಲಿ ಹಿಡಿದು ಸರದಿಗೆ ಕೂತ ಹೆಂಗಸರು ಕಾಣುವುದು ಈ ಕಾರಣಕ್ಕೆ.

ಕೀಮೋಥೆರಪಿ: ವಿಕಿರಣದ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಚುಚ್ಚುಮದ್ದು ಕೊಟ್ಟರೆ ವಿಕಿರಣದ ಬಲ ಹೆಚ್ಚುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ನಡೆದ ಐದು ಪ್ರಯೋಗಗಳ ಫಲಿತಾಂಶ ನೋಡಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರಲ್ಲಿ ಈ ಜೋಡಿ ಚಿಕಿತ್ಸೆಯನ್ನು ಎತ್ತಿಹಿಡಿಯಿತು. ಯೋನಿಯ ಕ್ಯಾನ್ಸರಿಗೂ ಅದನ್ನೇ ಅಳವಡಿಸಿಕೊಂಡರು. ಈ ಔಷಧ ಮೂತ್ರಪಿಂಡಕ್ಕೆ ಭಾರ. ಪ್ರತಿ ವಾರ ರಕ್ತ ಪರೀಕ್ಷೆ ಮಾಡಿ ಕ್ರಿಯಾಟಿನಿನ್ ಸರಿಯಿದ್ದರೆ ಮಾತ್ರ ಮುಂದಿನ ಡೋಸ್. ಹರಡಿದ ಅಥವಾ ಮರುಕಳಿಸಿದ ರೋಗಕ್ಕೆ ಪೆಂಬ್ರೊಲಿಜುಮಾಬ್‌ನಂಥ ರೋಗನಿರೋಧಕ ಔಷಧಗಳನ್ನೂ ಆಯ್ದ ರೋಗಿಗಳಿಗೆ ಕೊಡುವುದುಂಟು, ಬೆಲೆ ದುಬಾರಿ.

ಬ್ರಾಕಿಥೆರಪಿ: ವಿಕಿರಣದ ಮೂಲವನ್ನೇ ಗಡ್ಡೆಯ ಹತ್ತಿರಕ್ಕೆ ಒಯ್ಯುವ ಈ ವಿಧಾನ ಯೋನಿಯ ಕ್ಯಾನ್ಸರಿನಲ್ಲಿ ಬಹಳ ಮುಖ್ಯ. ಹೊರ ವಿಕಿರಣದಿಂದ ಕುಗ್ಗಿದ ಗಡ್ಡೆಗೆ ಇದರಿಂದ ಉಳಿದ ಪ್ರಮಾಣ ಸೇರಿ ಒಟ್ಟು 70ರಿಂದ 85 ಗ್ರೇಯಾಗುತ್ತದೆ. ಉಳಿದ ಗಡ್ಡೆಯ ದಪ್ಪ 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಯೋನಿಯೊಳಗೆ ನಯವಾದ ಸಿಲಿಂಡರ್ ಇಟ್ಟರೆ ಸಾಕು. ಅದಕ್ಕಿಂತ ದಪ್ಪವಿದ್ದರೆ ಗಡ್ಡೆಯ ಮೂಲಕವೇ ಟೊಳ್ಳು ಸೂಜಿಗಳನ್ನು ಹಾಯಿಸಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟು, ತೂತುಗಳಿರುವ ಒಂದು ಫಲಕವನ್ನು ಹೊರದ್ವಾರದ ಬಳಿ ಚರ್ಮಕ್ಕೆ ಹೊಲಿದು, ಆ ತೂತುಗಳಿಂದ ಸೂಜಿಗಳನ್ನು ಲೆಕ್ಕದ ಆಳಕ್ಕೆ ಇಳಿಸುತ್ತಾರೆ. ಸ್ಕ್ಯಾನ್ ಮಾಡಿ ಯೋಜನೆ ಹಾಕಿದ ಮೇಲೆ ಯಂತ್ರದ ಕೊಳವೆಗಳನ್ನು ಸೂಜಿಗಳಿಗೆ ಜೋಡಿಸುತ್ತಾರೆ. ತಂತಿಯ ತುದಿಗೆ ಅಂಟಿಸಿದ, ಕೆಲವೇ ಮಿಲಿಮೀಟರ್ ಉದ್ದದ ಇರಿಡಿಯಂ-192 ತುಣುಕು ಒಂದೊಂದಾಗಿ ಸೂಜಿಗಳ ಒಳಗೆ ಹೋಗಿ, ನಿಗದಿತ ಸೆಕೆಂಡು ನಿಂತು, ಯಂತ್ರಕ್ಕೆ ಹಿಂದಿರುಗುತ್ತದೆ. ಒಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ. ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಸಲದಂತೆ ಎರಡು ಮೂರು ದಿನ ನಡೆಯುತ್ತದೆ. ಅಷ್ಟೂ ದಿನ ರೋಗಿ ಮೂತ್ರದ ಕೊಳವೆಯೊಡನೆ, ಕಾಲು ಮಡಿಸದೆ, ಮಲವಾಗದಂಥ ಲಘು ಆಹಾರದಲ್ಲಿ ಅಂಗಾತ ಮಲಗಿರಬೇಕು. ಮನೆಗೆ ಹೋದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ಚಿಕಿತ್ಸೆಯ ನಂತರ

ಚಿಕಿತ್ಸೆಯ ವೇಳೆ ಭೇದಿ, ಉರಿಮೂತ್ರ, ಸುಸ್ತು, ತೊಡೆಸಂದಿನ ಚರ್ಮ ಕಪ್ಪಾಗಿ ಸುಲಿಯುವುದು ಸಾಮಾನ್ಯ, ವಾರಗಳಲ್ಲಿ ಕಡಿಮೆಯಾಗುತ್ತವೆ. ತಿಂಗಳು ವರ್ಷಗಳ ನಂತರ ಬರುವ ತೊಂದರೆಗಳು ಬೇರೆ. ಗುದನಾಳದಿಂದ ರಕ್ತ, ಮೂತ್ರದಲ್ಲಿ ರಕ್ತ, ಕೆಲವರಲ್ಲಿ ಮೂತ್ರಕೋಶ ಅಥವಾ ಗುದನಾಳಕ್ಕೂ ಯೋನಿಗೂ ನಡುವೆ ರಂಧ್ರ ಬಿದ್ದು ಸದಾ ಸೋರುವುದು.

ಯೋನಿ ಒಣಗಿ ಕಿರಿದಾಗುವುದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಗೋಡೆಗಳು ಅಂಟಿಕೊಂಡುಬಿಟ್ಟರೆ ಮುಂದಿನ ತಪಾಸಣೆಯೇ ಸಾಧ್ಯವಾಗದು. ಆದ್ದರಿಂದ ಚಿಕಿತ್ಸೆ ಮುಗಿದು ಎರಡರಿಂದ ನಾಲ್ಕು ವಾರಗಳಲ್ಲಿ ಡೈಲೇಟರ್ ಎಂಬ ನಯವಾದ ಕೊಳವೆಯನ್ನು ಜಾರುವ ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದು ಹತ್ತು ನಿಮಿಷ ಬಳಸಲು ಹೇಳಿಕೊಡುತ್ತಾರೆ. ಗಂಡ ತೀರಿಕೊಂಡವರು, ವಯಸ್ಸಾದವರು ಇದು ತಮಗೇಕೆ ಎಂದು ಬಿಟ್ಟುಬಿಡುತ್ತಾರೆ. ಇದು ದಾಂಪತ್ಯಕ್ಕೆ ಮಾತ್ರವಲ್ಲ, ವೈದ್ಯರು ಒಳಗೆ ನೋಡಲು ದಾರಿ ಉಳಿಸಿಕೊಳ್ಳುವುದಕ್ಕೂ ಬೇಕು ಎಂದು ನರ್ಸ್ ಬಿಡಿಸಿ ಹೇಳಿದರೆ ಅವರೂ ಒಪ್ಪುತ್ತಾರೆ. ಮುಟ್ಟು ಇನ್ನೂ ನಿಲ್ಲದ ಹೆಂಗಸರಿಗೆ ವಿಕಿರಣದಿಂದ ಅಂಡಾಶಯ ಕೆಲಸ ನಿಲ್ಲಿಸುತ್ತದೆ. ಬೇಕಿದ್ದರೆ ಮೊದಲೇ ಅಂಡಾಶಯವನ್ನು ವಿಕಿರಣದ ದಾರಿಯಿಂದ ಮೇಲಕ್ಕೆ ಸರಿಸಬಹುದು.

ಮರುಕಳಿಕೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ ಆಗುವುದರಿಂದ ಆ ಅವಧಿಯಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ತಪಾಸಣೆ ಇರುತ್ತದೆ.

ಬೆಂಗಳೂರು ಉತ್ತರದಲ್ಲಿ ಚಿಕಿತ್ಸೆಯ ದಾರಿ

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ಯಲಹಂಕದ ಸರ್ಕಾರಿ ಆಸ್ಪತ್ರೆ, ಯಶವಂತಪುರಕ್ಕೆ ಹತ್ತಿರದ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಮೇಲೆ 1973ರಿಂದಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆ ಬಳಿಯ ಎಂ.ಎಸ್. ರಾಮಯ್ಯ ಆಸ್ಪತ್ರೆ, ಎಲ್ಲ ಕಡೆ ಸ್ತ್ರೀರೋಗ ವಿಭಾಗಗಳಿವೆ. ಆರ್.ಟಿ. ನಗರದಂಥ ಬಡಾವಣೆಗಳ ಹೆರಿಗೆ ತಜ್ಞರ ನರ್ಸಿಂಗ್ ಹೋಮ್‌ಗಳಲ್ಲೂ ಸ್ಪೆಕ್ಯುಲಂ ಪರೀಕ್ಷೆಗೆ ಬೇಕಾದದ್ದೆಲ್ಲ ಇರುತ್ತದೆ.

ಚಿಕಿತ್ಸೆಗೆ ಮಾತ್ರ ವಿಕಿರಣ ಯಂತ್ರದ ಜೊತೆ ಬ್ರಾಕಿಥೆರಪಿಯೂ, ಅದರಲ್ಲಿ ಸೂಜಿ ವಿಧಾನದ ಅನುಭವವೂ ಇರುವ ಆಸ್ಪತ್ರೆ ಬೇಕು. ಸರ್ಕಾರಿ ವಲಯದಲ್ಲಿ ಕಿದ್ವಾಯಿ ಸಂಸ್ಥೆ ಇದರ ಕೇಂದ್ರ. 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಪ್ರಾದೇಶಿಕ ಕೇಂದ್ರವಾದ ಇದಕ್ಕೆ ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿದೆ. ನಿಮ್ಹಾನ್ಸ್ ಪಕ್ಕದಲ್ಲಿರುವ ಈ ಆಸ್ಪತ್ರೆ ಯಲಹಂಕದಿಂದ ಸುಮಾರು 20 ಕಿ.ಮೀ. ದೂರ. ಐದಾರು ವಾರ ದಿನವೂ ನಗರವನ್ನು ಅಡ್ಡ ಹಾಯುವುದು ಅರವತ್ತೈದರ ಹೆಂಗಸಿಗೆ ಸುಲಭವಲ್ಲ. ಯಶವಂತಪುರದವರು ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗಿನಲ್ಲಿ ಇಳಿದು ಆಟೊ ಹಿಡಿಯಬಹುದು. ಚಿಕಿತ್ಸೆಯ ನಡುವೆ ದಿನಗಳು ತಪ್ಪಿ ಒಟ್ಟು ಅವಧಿ ಎಂಟು ವಾರ ಮೀರಿದರೆ ಫಲ ಕುಗ್ಗುತ್ತದೆಂದು ಗರ್ಭಕಂಠದ ಕ್ಯಾನ್ಸರಿನ ಅನುಭವ ಹೇಳುತ್ತದೆ. ಹಾಗಾಗಿ ಆಸ್ಪತ್ರೆ ಆರಿಸುವಾಗ ದಿನನಿತ್ಯದ ಓಡಾಟವನ್ನೂ ಲೆಕ್ಕ ಹಾಕಬೇಕು. ದೂರದೂರಿನವರು ಉಳಿಯಲು ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು. ಖಾಸಗಿ ಆಸ್ಪತ್ರೆಗೆ ಹೋಗುವವರು ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ಪೀಣ್ಯ, ಯಶವಂತಪುರದ ಗಾರ್ಮೆಂಟ್ಸ್ ಮತ್ತಿತರ ಕಾರ್ಖಾನೆಗಳಲ್ಲಿ ದುಡಿಯುವವರ ಅವಲಂಬಿತ ತಾಯಿಗೂ ಇಎಸ್‌ಐ ಸೌಲಭ್ಯ ಸಿಗುತ್ತದೆ. ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳ ಆಶ್ರಯದಲ್ಲಿರುವ ವಯಸ್ಸಿನವರಾದ್ದರಿಂದ ಇದನ್ನು ವಿಚಾರಿಸುವುದು ಒಳ್ಳೆಯದು. ಗುಣವಾಗದ ಹಂತದಲ್ಲಿ ನೋವು, ದುರ್ನಾತ, ರಕ್ತಸ್ರಾವ ತಡೆಯಲು ಉಪಶಾಮಕ ಆರೈಕೆ ಬೇಕು. ನಗರದ ಪೂರ್ವಭಾಗದಲ್ಲಿರುವ ಕರುಣಾಶ್ರಯದಲ್ಲಿ ಇದು ಉಚಿತ.

ತಡೆ

ಎಚ್‌ಪಿವಿ ಲಸಿಕೆ ಯೋನಿಯ ಕ್ಯಾನ್ಸರನ್ನೂ ತಡೆಯುತ್ತದೆ. ಅಮೆರಿಕದಲ್ಲಿ 2008ರಲ್ಲೇ ಈ ಉದ್ದೇಶಕ್ಕೂ ಅನುಮತಿ ಸಿಕ್ಕಿತು. ಪುಣೆಯ ಸೀರಂ ಸಂಸ್ಥೆ 2023ರ ಜನವರಿಯಲ್ಲಿ ಹೊರತಂದ ಸರ್ವಾವ್ಯಾಕ್ ಭಾರತದಲ್ಲೇ ತಯಾರಾದ ಮೊದಲ ಎಚ್‌ಪಿವಿ ಲಸಿಕೆ. 6, 11, 16, 18ನೇ ಬಗೆಗಳಿಂದ ಕಾಪಾಡುತ್ತದೆ. 9ರಿಂದ 14 ವರ್ಷದೊಳಗೆ, ವೈರಸ್ಸಿನ ಸಂಪರ್ಕಕ್ಕೆ ಮೊದಲು, ಕೊಟ್ಟರೆ ಪರಿಣಾಮ ಹೆಚ್ಚು. ಈ ವಯಸ್ಸಿನಲ್ಲಿ ಒಂದೇ ಡೋಸೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆ ನಿಲುವಿಗೆ ಆಧಾರವಾದ ಅಧ್ಯಯನಗಳಲ್ಲಿ ಭಾರತದ್ದೂ ಒಂದು.

ಯೋನಿಯ ಕ್ಯಾನ್ಸರಿಗೆಂದೇ ಸಾಮೂಹಿಕ ತಪಾಸಣೆ ಎಲ್ಲೂ ಇಲ್ಲ. ಅಷ್ಟು ವಿರಳ ರೋಗಕ್ಕೆ ಅದು ಕಾರ್ಯಸಾಧುವೂ ಅಲ್ಲ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಮಾಡುವ ಗರ್ಭಕಂಠದ ಅಸಿಟಿಕ್ ಆಮ್ಲ ಪರೀಕ್ಷೆಯ ಸಮಯದಲ್ಲೇ ಯೋನಿಯ ಗೋಡೆಗಳನ್ನೂ ನೋಡಿದರೆ ಹೆಚ್ಚಿನ ಖರ್ಚಿಲ್ಲದೆ ಕೆಲಸವಾಗುತ್ತದೆ. 2023ರಲ್ಲಿ ಲಸಿಕೆ ಹಾಕಿಸಿಕೊಂಡ ಹದಿನಾಲ್ಕರ ಹುಡುಗಿ ಈ ರೋಗ ಬರುವ ವಯಸ್ಸು ತಲುಪುವುದು 2069ರ ಹೊತ್ತಿಗೆ. ಲಸಿಕೆ ಇಲ್ಲದ ಕಾಲದಲ್ಲಿ ಬೆಳೆದ ಅವಳ ತಾಯಿ ಮತ್ತು ಅಜ್ಜಿಗೆ ಉಳಿದ ರಕ್ಷಣೆ ಎಂದರೆ ಈ ತಪಾಸಣೆ, ಮತ್ತು ಮುಟ್ಟು ನಿಂತ ಮೇಲೆ ಕಂಡ ರಕ್ತವನ್ನು ಗರ್ಭಕೋಶ ಇರಲಿ ಇಲ್ಲದಿರಲಿ ತಡಮಾಡದೆ ವೈದ್ಯರಿಗೆ ತೋರಿಸುವುದು.